ರೋಬೋ ಹುಡುಗಿ ಎತ್ತರವಾದದ್ದು ಹೇಗೆ?

ಪ್ರಶ್ನೆ: ನಾನು ಚಿಕ್ಕವಳಿದ್ದಾಗ ಟಿವಿಯಲ್ಲಿ ರೋಬೋ ಹುಡುಗಿಯ ಧಾರಾವಾಹಿ ನೋಡುತ್ತಿದ್ದೆ. ಅವಳು ನಿಜವಾದ ಯಂತ್ರವೆಂದೇ ನಂಬಿದ್ದೆ. ಈಗ ನನ್ನ ಮಗ ಕೇಳುತ್ತಾನೆ: ಅದು ಮನುಷ್ಯರ ಮಗುವೇ ಆಗಿದ್ದರೆ ವರ್ಷ ಕಳೆದಂತೆ ಬೆಳೆಯಲಿಲ್ಲವೇ? ರೋಬೋ ಬೆಳೆಯುವುದುಂಟೇ?
– ಓದುಗರೊಬ್ಬರು, ಬೊರಿವಲಿ (ಪೂರ್ವ)

ಉತ್ತರ: ಒಳ್ಳೆಯ ಪ್ರಶ್ನೆ. ಧಾರಾವಾಹಿ ತಯಾರಿಸಿದವರೂ ಇದಕ್ಕೆ ಉತ್ತರ ಹುಡುಕಬೇಕಾಗಿ ಬಂದಿತ್ತೆಂದು ಮಗನಿಗೆ ಹೇಳಿ.

ಮೊದಲು ಒಂದು ಗೊಂದಲ ಬಿಡಿಸೋಣ. ಅನೇಕರು ಎರಡು ಧಾರಾವಾಹಿಗಳನ್ನು ಒಂದೇ ಎಂದುಕೊಳ್ಳುತ್ತಾರೆ. ‘ಸ್ಮಾಲ್ ವಂಡರ್’ ಅಮೆರಿಕದ್ದು, 1985ರಿಂದ 1989ರವರೆಗೆ ನಡೆಯಿತು. ಹಿಂದಿ ಮಾತು ಜೋಡಿಸಿ ನಮ್ಮಲ್ಲೂ ತೋರಿಸಿದರು. ಅದರಲ್ಲಿ ವಿಕಿಯಾಗಿ ನಟಿಸಿದವರು ಟಿಫನಿ ಬ್ರಿಸೆಟ್. ಅದೇ ಕಥೆಯನ್ನು ನಮ್ಮ ಮನೆಗಳಿಗೆ ಒಗ್ಗಿಸಿ 2003ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಶುರುವಾದದ್ದು ‘ಕರಿಷ್ಮಾ ಕಾ ಕರಿಷ್ಮಾ’. ಕರಿಷ್ಮಾ ಆದವರು ಝನಕ್ ಶುಕ್ಲಾ. ಅದೇ ವರ್ಷ ‘ಕಲ್ ಹೋ ನಾ ಹೋ’ ಚಿತ್ರದಲ್ಲಿ ಪುಟ್ಟ ಜಿಯಾ ಆಗಿದ್ದ ಹುಡುಗಿಯೇ. ನೀವು ನೋಡಿದ್ದು ಯಾವುದಾದರೂ ಇರಲಿ, ಅವಳು ಯಂತ್ರವಲ್ಲ.

ಇನ್ನು, ಮಗುವನ್ನು ಯಂತ್ರ ಮಾಡಿದ್ದು ಹೇಗೆ? ಹೆಚ್ಚಿನ ಕೆಲಸ ಅಭಿನಯದ್ದೇ. ಏರಿಳಿತವಿಲ್ಲದ ದನಿ, ಭಾವನೆ ತೋರದ ಮುಖ, ಅಳೆದಂತೆ ಇಡುವ ಹೆಜ್ಜೆ. ವಿಕಿಗೆ ಇದರ ಜೊತೆಗೆ ಬೆನ್ನಿನಲ್ಲೊಂದು ಮುಚ್ಚಳ, ಬಲ ಕಂಕುಳಲ್ಲಿ ಕರೆಂಟಿನ ಪ್ಲಗ್ ಪಾಯಿಂಟ್, ಸದಾ ಒಂದೇ ಕೆಂಪು-ಬಿಳಿ ಫ್ರಾಕು. ಭಾರ ಎತ್ತುವಂಥ ದೃಶ್ಯಗಳಿಗೆ ಸಾಮಾನ್ಯವಾಗಿ ಹಗುರವಾದ ನಕಲಿ ವಸ್ತು, ಕಣ್ಣಿಗೆ ಕಾಣದ ತಂತಿ, ಸರಿಯಾದ ಕ್ಷಣಕ್ಕೊಂದು ಕಟ್ ಸಾಕಾಗುತ್ತದೆ. ನಿಮ್ಮಲ್ಲಿಂದ ಮೂರನೇ ನಿಲ್ದಾಣವಾದ ಗೋರೆಗಾಂವ್‌ನ ಫಿಲ್ಮ್ ಸಿಟಿಯಲ್ಲೂ ಇವೆಲ್ಲ ದಿನನಿತ್ಯದ ಉಪಾಯಗಳೇ.

ಈಗ ಮಗನ ಪ್ರಶ್ನೆಗೆ ಬರೋಣ. ಕಥೆಯಲ್ಲಿ ವಿಕಿ ಹತ್ತು ವರ್ಷದ ಹುಡುಗಿಯ ರೂಪದ ಯಂತ್ರ. ಶುರುವಿನಲ್ಲಿ ಬ್ರಿಸೆಟ್‌ಗೂ ಹತ್ತೇ ವರ್ಷ, ಮುಗಿಯುವಾಗ ಹದಿನಾಲ್ಕು. ಆ ವಯಸ್ಸಿನ ಬೆಳವಣಿಗೆಯನ್ನು ಫ್ರಾಕಿನಲ್ಲಿ ಮರೆಮಾಚಲು ಆಗುವುದಿಲ್ಲ. ಆದ್ದರಿಂದ ಅದನ್ನೇ ಕಥೆಗೆ ಸೇರಿಸಿಕೊಂಡರು: ವಿಕಿಯನ್ನು ತಯಾರಿಸಿದ ಇಂಜಿನಿಯರ್ ತಂದೆ ಅವಳನ್ನು ಪರಿಷ್ಕರಿಸಿ, ದೊಡ್ಡವಳಂತೆ ಕಾಣುವ ಹಾಗೆ ಮಾಡುತ್ತಾನೆ. ಉಡುಪೂ ಬದಲಾಯಿತು. ಝನಕ್‌ಗೆ ಆರಂಭದಲ್ಲಿ ಏಳು ವರ್ಷ. ಧಾರಾವಾಹಿ 2004ರಲ್ಲೇ ಮುಗಿದದ್ದರಿಂದ ಅಲ್ಲಿ ತೊಂದರೆ ಇಷ್ಟು ದೊಡ್ಡದಾಗಲಿಲ್ಲ.

ಟಿವಿಗೆಂದೇ ತೆಗೆದ ಚಲನಚಿತ್ರಗಳಿಗೆ ಈ ಕಷ್ಟವಿಲ್ಲ. 2014ರಲ್ಲಿ ಡಿಸ್ನಿ ಚಾನೆಲ್‌ಗೆ ಬಂದ ‘ಹೌ ಟು ಬಿಲ್ಡ್ ಎ ಬೆಟರ್ ಬಾಯ್’ನಲ್ಲಿ ಇಬ್ಬರು ಶಾಲಾ ಗೆಳತಿಯರು ಕಂಪ್ಯೂಟರಿನಲ್ಲಿ ರೂಪಿಸಿದ ಹುಡುಗ ರೋಬೋ ಆಗಿ ಎದುರು ನಿಲ್ಲುತ್ತಾನೆ. ಆ ಪಾತ್ರ ಮಾಡಿದ ಮಾರ್ಷಲ್ ವಿಲಿಯಮ್ಸ್ ಆಗಲೇ ಬೆಳೆದ ಯುವಕ. ಚಿತ್ರೀಕರಣವೂ ಒಂದೇ ಸಲಕ್ಕೆ ಮುಗಿಯುವಂಥದ್ದು.

ಸಾಧ್ಯವಾದರೆ ಮಗನಿಗೆ ವಿಕಿಯ ಮೊದಲ ವರ್ಷದ ಒಂದು ಕಂತನ್ನೂ ಕೊನೆಯ ವರ್ಷದ ಒಂದನ್ನೂ ತೋರಿಸಿ. ಅಣ್ಣ ಜೇಮಿಯ ಪಕ್ಕದಲ್ಲಿ ಅವಳ ಎತ್ತರವನ್ನು ಗಮನಿಸಲು ಹೇಳಿ. ಬೆಳೆದವನು ಅವನೂ ಹೌದು, ಆದರೆ ಅದಕ್ಕೆ ಕಥೆಯಲ್ಲಿ ಯಾರೂ ಕಾರಣ ಹೇಳಬೇಕಾಗಿರಲಿಲ್ಲ.