ಬೆಕ್ಕು ವಿಷ ತಿಂದ ಸಂಶಯ ಬಂದಾಗ

ಅಡಿಕೆ, ಕಾಫಿ, ಮೆಣಸಿನ ಚೀಲಗಳನ್ನು ಒಂದೇ ಅಟ್ಟದಲ್ಲಿ ಇಡುವ ಸಣ್ಣ ಬೆಳೆಗಾರರ ಮನೆಯಲ್ಲಿ ಬೆಕ್ಕು ಸಂಬಳವಿಲ್ಲದ ಕಾವಲುಗಾರ. ಹಸುವಿಗೆ ಹುಷಾರಿಲ್ಲವೆಂದರೆ ಆ ರಾತ್ರಿಯೇ ಪಶುವೈದ್ಯರಿಗೆ ಹೇಳಿಕಳಿಸುತ್ತೇವೆ. ಬೆಕ್ಕು ಜೊಲ್ಲು ಸುರಿಸುತ್ತ ಮೂಲೆ ಸೇರಿದರೆ ಮಾತ್ರ "ತಾನೇ ಸರಿಯಾಗುತ್ತೆ" ಎನ್ನುವವರೇ ಹೆಚ್ಚು. ವಿಷದ ವಿಚಾರದಲ್ಲಿ ಆ ಮಾತು ನಡೆಯದು. ಲಕ್ಷಣ ಕಾಣುವ ಮೊದಲಿನ ಹೊತ್ತೇ ಚಿಕಿತ್ಸೆಗೆ ಒಳ್ಳೆಯ ಹೊತ್ತೆಂಬುದನ್ನು ಸದಸ್ಯ ಬಾಂಧವರು ಮೊದಲು ತಿಳಿಯಬೇಕು.

ವಿಷ ಸೇರುವ ದಾರಿ

ಬೆಕ್ಕು ಮೂಸಿ ನೋಡಿ ತಿನ್ನುವ ಪ್ರಾಣಿ. ಆದರೂ ಪಾಷಾಣ ತಿಂದ ಇಲಿಯನ್ನು ಹಿಡಿದು ತಿನ್ನುವುದರಿಂದ ವಿಷ ಅದರ ಹೊಟ್ಟೆ ಸೇರುತ್ತದೆ. ಇನ್ನೊಂದು ದಾರಿ, ಮೈ ನೆಕ್ಕಿಕೊಳ್ಳುವ ಅಭ್ಯಾಸ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವಾಗಲಿ, ಕೀಟನಾಶಕವಾಗಲಿ ಚೆಲ್ಲಿದಲ್ಲಿ ಕಾಲಿಟ್ಟ ಬೆಕ್ಕು ಅದನ್ನು ನೆಕ್ಕಿಯೇ ಸ್ವಚ್ಛ ಮಾಡಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಇರುವ ವಿಷಗಳು

ಜಿಂಕ್ ಫಾಸ್ಫೈಡ್: ಇಲಿಗೆ ಇಡುವ ಕಪ್ಪು ಪುಡಿ. ಹೊಟ್ಟೆಯ ಆಮ್ಲ ತಗುಲಿದೊಡನೆ ಇದರಿಂದ ಫಾಸ್ಫೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ವಾಂತಿ, ಏದುಸಿರು ಕಾಣುತ್ತವೆ. ಬೆಕ್ಕು ವಾಂತಿ ಮಾಡಿದರೆ ಆ ಅನಿಲ ನಮಗೂ ಅಪಾಯ. ಬಾಗಿಲು ಕಿಟಕಿ ತೆರೆದಿಡಿ, ವಾಂತಿಯನ್ನು ಮೂಸಬೇಡಿ.

ಬ್ರೊಮಾಡಿಯೊಲೋನ್: ಅಂಗಡಿಯಲ್ಲಿ ಸಿಗುವ ಇಲಿ ಕೇಕು. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಮೋಸಗೊಳಿಸುವ ವಿಷವೆಂದರೆ ಇದೇ. ಎರಡರಿಂದ ಐದು ದಿನ ಬೆಕ್ಕು ಏನೂ ಆಗದಂತೆ ಓಡಾಡಿಕೊಂಡಿರುತ್ತದೆ. ಆಮೇಲೆ ವಸಡು ಬಿಳಿಚಿಕೊಳ್ಳುತ್ತದೆ, ನಿತ್ರಾಣವಾಗುತ್ತದೆ, ರಕ್ತಸ್ರಾವವಾಗುತ್ತದೆ. ಇದಕ್ಕೆ ವಿಟಮಿನ್ ಕೆ1 ಎಂಬ ಪ್ರತಿವಿಷ ಉಂಟು. ವೈದ್ಯರು ಹೇಳಿದಷ್ಟು ವಾರ ಬಿಡದೆ ಕೊಡಬೇಕು.

ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳು: ಜೊಲ್ಲು, ಭೇದಿ, ಕಿರಿದಾದ ಕಣ್ಣಪಾಪೆ, ಮೈ ನಡುಕ. ವೈದ್ಯರು ಅಟ್ರೋಪಿನ್ ಚುಚ್ಚುತ್ತಾರೆ.

ಬಸವನಹುಳುವಿನ ಗುಳಿಗೆ: ಇದರಲ್ಲಿರುವ ಮೆಟಾಲ್ಡಿಹೈಡ್ ಹೊಟ್ಟೆ ಸೇರಿದರೆ ನಡುಕ, ಸೆಳೆತ, ಮೈಬಿಸಿ ಬರುತ್ತವೆ.

ನಾಯಿಯ ಉಣ್ಣಿ ಔಷಧ: ಪರ್ಮೆಥ್ರಿನ್ ಇರುವ ಔಷಧ ನಾಯಿಗೆ ಒಗ್ಗಿದರೂ ಬೆಕ್ಕಿಗೆ ಮಾರಕ.

ಪ್ಯಾರಾಸಿಟಮಾಲ್: ನಮ್ಮ ಜ್ವರದ ಈ ಮಾತ್ರೆಯನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಒಂದೇ ಮಾತ್ರೆ ಸಾಯಿಸಬಲ್ಲದು. ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ. ಬೆಕ್ಕಿಗೆ ಜ್ವರವೆಂದು ಇದನ್ನು ಎಂದಿಗೂ ಕೊಡಬಾರದು.

ಕೂಡಲೇ ಮಾಡಬೇಕಾದದ್ದು

1. ಉಳಿದ ವಿಷವನ್ನು ತೆಗೆದಿಡಿ. ಮಕ್ಕಳನ್ನೂ ಇತರ ಪ್ರಾಣಿಗಳನ್ನೂ ದೂರವಿಡಿ.

2. ಪೊಟ್ಟಣ ಅಥವಾ ಡಬ್ಬಿ ಹುಡುಕಿ ಜೊತೆಗೆ ಒಯ್ಯಿರಿ. ಲೇಬಲ್ಲಿನಲ್ಲಿ ವಿಷದ ಹೆಸರು, ಪ್ರಮಾಣ ಇರುತ್ತವೆ; ಪ್ರತಿವಿಷವನ್ನೂ ಬರೆದಿರುವುದುಂಟು. ಯಾವಾಗ, ಎಷ್ಟು ತಿಂದಿರಬಹುದೆಂದು ಗುರುತು ಹಾಕಿಕೊಳ್ಳಿ.

3. ಹೊರಡುವ ಮೊದಲು ಪಶುವೈದ್ಯರಿಗೆ ಫೋನು ಮಾಡಿ. ಅವರು ಸಿಗದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆಮಾಡಿ ವಿಚಾರಿಸಿ.

4. ವಿಷ ಮೈಗೆ ತಗುಲಿದ್ದು, ಬೆಕ್ಕಿಗೆ ನಡುಕ, ಸೆಳೆತ ಇಲ್ಲದಿದ್ದರೆ, ಕೈಗವಸು ಹಾಕಿ ಉಗುರುಬೆಚ್ಚನೆಯ ನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆಯಿರಿ. ಒರೆಸಿ, ನೆಕ್ಕದಂತೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ.

5. ಗಾಳಿಯಾಡುವ ಬುಟ್ಟಿಯಲ್ಲಿಯೋ ರಟ್ಟಿನ ಪೆಟ್ಟಿಗೆಯಲ್ಲಿಯೋ ಸಾಗಿಸಿ. ಬಾಯಿ ಕಟ್ಟಿದ ಗೋಣಿಚೀಲ ಬೇಡ.

ಮಾಡಬಾರದ್ದು

ಉಪ್ಪುನೀರು ಕುಡಿಸಬೇಡಿ, ಅತಿಯಾದ ಉಪ್ಪೇ ಇನ್ನೊಂದು ವಿಷ. ಗಂಟಲಿಗೆ ಬೆರಳು ಹಾಕಬೇಡಿ. ಹುಣಸೆಹುಳಿ, ಹಾಲು, ತುಪ್ಪ, ಎಣ್ಣೆ ಯಾವುದನ್ನೂ ಒತ್ತಾಯದಿಂದ ಬಾಯಿಗೆ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು. ಸೀಮೆಎಣ್ಣೆ, ಆಮ್ಲ ಕುಡಿದ ಬೆಕ್ಕಿಗೆ ವಾಂತಿಯಾದರೆ ಹಾನಿ ಇಮ್ಮಡಿ. ವಾಂತಿ ಮಾಡಿಸಬೇಕೋ ಬೇಡವೋ ಎಂಬ ತೀರ್ಮಾನ ವೈದ್ಯರದು. ಬೆಕ್ಕು ಸೂಜಿದಾರ ನುಂಗಿ ತುದಿ ಹೊರಗೆ ಕಂಡರೆ ಎಳೆಯಬೇಡಿ, ಕರುಳು ಕೊಯ್ದೀತು.

ಒಂದು ಎಚ್ಚರಿಕೆ. ಜೊಲ್ಲು, ವಿಚಿತ್ರ ವರ್ತನೆ ರೇಬಿಸ್‌ನಲ್ಲೂ ಕಾಣುತ್ತವೆ. ಬರಿಗೈಯಲ್ಲಿ ಬಾಯಿ ಬಿಡಿಸಬೇಡಿ, ದಪ್ಪ ಬಟ್ಟೆ ಬಳಸಿ. ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ಕೇಳಿ.

ಮುಂಜಾಗ್ರತೆ

ಬೆಕ್ಕು ಸಾಕಿದ ಮನೆಯೊಳಗೆ ಪಾಷಾಣಕ್ಕಿಂತ ಇಲಿಬೋನು ಲೇಸು. ತೋಟದಲ್ಲಿ ವಿಷ ಇಡಲೇಬೇಕಾದರೆ ಇಲಿ ಮಾತ್ರ ನುಗ್ಗುವಂಥ ಕೊಳವೆಯೊಳಗೆ ಅಥವಾ ಬಿಲದೊಳಗೆ ಇಡಿ. ಮರುದಿನ ಬೆಳಿಗ್ಗೆ ಸತ್ತ ಇಲಿಗಳನ್ನು ಆರಿಸಿ ಆಳವಾಗಿ ಹೂಳಿ. ಮೈಲುತುತ್ತವನ್ನೂ ಕೀಟನಾಶಕವನ್ನೂ ಬೀಗ ಹಾಕುವ ಕಪಾಟಿನಲ್ಲಿಡಿ, ಖಾಲಿ ಡಬ್ಬಿಯನ್ನು ಮನೆಬಳಕೆಗೆ ತರಬೇಡಿ. ಬೆಕ್ಕಿಗೆ ಸಿಕ್ಕಿದ ವಿಷ ಅಂಬೆಗಾಲಿಡುವ ಕೂಸಿಗೂ ಸಿಕ್ಕೀತು.

ಈ ಪುಟವನ್ನು ಕತ್ತರಿಸಿ ಔಷಧದ ಕಪಾಟಿನ ಬಾಗಿಲಿಗೆ ಅಂಟಿಸಿ, ಸಮೀಪದ ಪಶು ಆಸ್ಪತ್ರೆಯ ಫೋನ್ ಸಂಖ್ಯೆಯನ್ನು ಅದರ ಕೆಳಗೆ ಬರೆದಿಡಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.