ಮೊದಲು ಹಣ್ಣು ನೋಡು, ಆಮೇಲೆ ಹೆಸರು

ಪೊಟ್ಟಣದ ಚಿತ್ರ ಚೆನ್ನಾಗಿದೆ ಮಗು. ಬಿಸಿಲೆಯ ಬೆಟ್ಟಸಾಲು, ಮಂಜು, ಕೆಳಗೆ ನಮ್ಮ ತೋಟದ ಹೆಸರು, ‘ಸಿಂಗಲ್ ಎಸ್ಟೇಟ್ ಕಾಫಿ’ ಅಂತ ದಪ್ಪಕ್ಷರ. ಗಿಡದಲ್ಲಿ ಕಾಯಿ ಇನ್ನೂ ಹಸಿರಾಗಿದೆ, ನೀನು ಆಗಲೇ ಸ್ಟಿಕರ್ ಅಚ್ಚು ಹಾಕಿಸಿದ್ದೀಯ! ಆಸೆ ಒಳ್ಳೆಯದೇ. ಅವಸರ ಒಂದಿಷ್ಟು ಇಳಿಸು.

ಪೋರ್ಚುಗಲ್ಲಿನ ಪೋರ್ಟ್ ವೈನಿನ ಮಾತು ತೆಗೆದೆಯಲ್ಲ, ಅದನ್ನು ಪೂರ್ತಿ ಕೇಳು. ಡೌರೋ ಕಣಿವೆಯಲ್ಲಿ ದ್ರಾಕ್ಷಿರಸ ಹುಳಿಬರುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯದೇ ಬಟ್ಟಿ ಸಾರಾಯಿ ಬೆರೆಸುತ್ತಾರೆ. ಹುಳಿಬರುವುದು ಅಲ್ಲಿಗೇ ನಿಲ್ಲುತ್ತದೆ, ಸಿಹಿ ಉಳಿಯುತ್ತದೆ, ಮದ್ಯದ ಅಂಶ ಶೇ. 20ರ ಆಸುಪಾಸಿಗೆ ಏರುತ್ತದೆ. ಒಂದೇ ತೋಟದ್ದಾದರೆ ಸೀಸೆಯ ಮೇಲೆ ಆ ತೋಟದ, ಅಂದರೆ ‘ಕಿಂಟಾ’ದ, ಹೆಸರಿರುತ್ತದೆ, ಒಂದೇ ವರ್ಷದ್ದಾದರೆ ಇಸವಿಯೂ ಇರುತ್ತದೆ. ನೀನು ಮರೆಮಾಡಿದ ಮಾತು ಇನ್ನೊಂದಿದೆ. ದೊಡ್ಡ ಕಂಪನಿಗಳು ತೀರಾ ಒಳ್ಳೆಯ ವರ್ಷಗಳಲ್ಲಿ ಅಂಥ ತೋಟದ ವೈನನ್ನು ಬೇರೆ ತೋಟಗಳದ್ದಕ್ಕೆ ಸೇರಿಸಿ ಕಂಪನಿಯ ಹೆಸರಲ್ಲೇ ಮಾರುವುದು ರೂಢಿ. ಒಂಟಿ ತೋಟದ ಸೀಸೆ ಹೆಚ್ಚಾಗಿ ಹೊರಬರುವುದು ಉಳಿದ ವರ್ಷಗಳಲ್ಲಿ. ಅದಕ್ಕೇ ಹೇಳುತ್ತೇನೆ, ಮಿಶ್ರಣ ಅಂದಕೂಡಲೇ ಮೂಗು ಮುರಿಯಬೇಡ. ನಿನ್ನಜ್ಜಿಯ ಫಿಲ್ಟರ್ ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ, ಚೂರು ಚಿಕೋರಿ ಮೂರೂ ಇದ್ದವು. ಎರಡನೇ ಲೋಟ ಕೇಳದೆ ನೀನು ಎದ್ದದ್ದು ನಾನು ಕಾಣೆ.

ಹಾಗಾದರೆ ಒಂದೇ ತೋಟದ್ದರಲ್ಲಿ ಏನು ಸೊಗಸು? ಅದರಲ್ಲಿ ಒಂದು ನೆಲ, ಒಂದು ವರ್ಷ ಬಚ್ಚಿಟ್ಟುಕೊಳ್ಳದೆ ಎದುರಿಗೆ ಬಂದು ನಿಲ್ಲುತ್ತವೆ. ನಮ್ಮ ಬಿಸಿಲೆ ದಿಣ್ಣೆಯನ್ನೇ ನೋಡು. ಈ ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿಗೆ, ಆ ಮಗ್ಗುಲಿಗೆ ಬಿದ್ದದ್ದು ಕುಮಾರಧಾರೆಗೆ. ಇಂಥ ಕಡೆ ಆಚೆ ತೋಟದ ಕಾಫಿ ಈಚೆ ತೋಟದ್ದರಂತೆ ಯಾಕಿದ್ದೀತು? ಆದರೆ ನೆನಪಿಡು, ಕೂಡುಕುಟುಂಬದಲ್ಲಿ ಒಬ್ಬ ಮೈಗಳ್ಳನಾದರೂ ಸಂಸಾರ ಸಾಗುತ್ತದೆ, ಒಂಟಿ ಮನೆಯಲ್ಲಿ ಸಾಗುವುದಿಲ್ಲ. ಹಾಗೇ ಮಿಶ್ರಣದಲ್ಲಿ ಮುಚ್ಚಿಹೋಗುವ ಕೊರತೆ ಇಲ್ಲಿ ಮೊದಲ ಗುಟುಕಿಗೇ ಬಯಲಾಗುತ್ತದೆ.

ಈ ಅವಕಾಶ ನಮಗೆ ಪುಕ್ಕಟೆ ಬಂದದ್ದಲ್ಲ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆದದ್ದನ್ನೆಲ್ಲ, ಎಲ್ಲರದ್ದೂ ಒಟ್ಟುಗೂಡುವ ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ದರ್ಜೆ ನೋಡಿ ಪಾಯಿಂಟ್ ಹಾಕುತ್ತಿದ್ದರು, ದುಡ್ಡು ಕಂತುಕಂತಾಗಿ ಬರುತ್ತಿತ್ತು. ಎಷ್ಟೇ ಜತನದಿಂದ ಹಣ್ಣು ಕೊಯ್ಸಿದವನ ಹೆಸರೂ ಆ ರಾಶಿಯಲ್ಲಿ ಕರಗುತ್ತಿತ್ತು. ತೊಂಬತ್ತರ ದಶಕದಲ್ಲಿ ಕಟ್ಟು ಸಡಿಲವಾಗುತ್ತ ಬಂತು, 1996ಕ್ಕೆ ಪೂರ್ತಿ ಬಿಚ್ಚಿತು. ಡೌರೋದ ಸಣ್ಣ ತೋಟದವರಿಗೂ ತಮ್ಮ ವೈನನ್ನು ತಮ್ಮಲ್ಲಿಂದಲೇ ನೇರ ಹೊರದೇಶಕ್ಕೆ ಕಳಿಸುವ ಹಕ್ಕು ಸಿಕ್ಕಿದ್ದು 1986ರಲ್ಲಿ. ಕಾದು ಪಡೆದ ಹಕ್ಕು ಇದು, ಹಗುರಾಗಿ ಬಳಸಬೇಡ.

ಈಗ ಕೆಲಸದ ಮಾತು. ಕೆಂಪು ಹಣ್ಣು ಮಾತ್ರ ಕೊಯ್ಸು. ಹಸಿರು, ಅರೆಗೆಂಪು ಬುಟ್ಟಿಗೆ ಬಿದ್ದರೆ ಗದರಬೇಡ, ಎದುರಿಗೆ ಕೂತು ಆರಿಸು. ನೀನು ಕೂತರೆ ಆಳುಗಳೂ ಕೂರುತ್ತಾರೆ. ಕೊಯ್ದ ದಿನವೇ ಸಿಪ್ಪೆ ಬಿಡಿಸಲು ಪಲ್ಪರ್‌ಗೆ ಹಾಕು. ಪಾರ್ಚ್‌ಮೆಂಟನ್ನು, ಅಂದರೆ ಒಳಪೊರೆಯ ಸಮೇತ ಉಳಿದ ಬೀಜವನ್ನು, ಕಣದಲ್ಲಿ ತೆಳ್ಳಗೆ ಹರವು, ಆಗಾಗ ಕೈಯಾಡಿಸು, ಸಂಜೆ ಮುಚ್ಚು. ಡಿಸೆಂಬರಿನಲ್ಲೂ ಮಳೆ ಸುರಿಯುವ ಕಾಲ ಇದು. ಮೋಡ ಕಂಡಾಗ ನೀನು ಮೊಬೈಲಿನಲ್ಲಿದ್ದರೆ ವರ್ಷದ ಬೆವರೆಲ್ಲ ಬೂಸಲು ಹಿಡಿಯುತ್ತದೆ. ನೆರಳಿಗಿರುವ ಕಾಡುಮರ ಕಡಿದು ಬರೀ ಸಿಲ್ವರ್ ಓಕ್ ನೆಡುವ ಆಲೋಚನೆ ಬಿಡು. ನೀನು ಮಾರಹೊರಟ ರುಚಿಯಲ್ಲಿ ಆ ಮರಗಳ ಪಾಲೂ ಇದೆ. ಇಂಚು, ಸೆಂಟು ಅಂತ ನಾನು ಬರೆದಿಟ್ಟ ಮಳೆ ಪುಸ್ತಕ ಬೀರುವಿನಲ್ಲಿದೆ, ತೆಗೆದು ಓದು. ಹೂಮಳೆ ಯಾವಾಗ ಬಂತು, ಎಷ್ಟು ಬಂತು ಎಲ್ಲ ಅದರಲ್ಲಿದೆ. ಪೊಟ್ಟಣದ ಮೇಲೆ ಕೊಯ್ಲಿನ ವರ್ಷ ಹಾಕು. ಹೋದ ವರ್ಷದ ರುಚಿ ಈ ವರ್ಷ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ ಮಳೆಯ ಲೆಕ್ಕ ಹೇಳು, ಸುಳ್ಳು ಹೇಳಬೇಡ.

ಈ ಸಲ ಮೇಲಿನ ಪಟ್ಟೆಯದ್ದು ಎರಡು ಚೀಲ ಮಾತ್ರ ಬೇರೆ ಇಡು. ಮಿಕ್ಕಿದ್ದನ್ನು ಎಂದಿನಂತೆ ಕ್ಯೂರಿಂಗ್‌ಗೆ ಕಳಿಸು. ವಾರದ ಬಟವಾಡೆ ನಿಲ್ಲಬಾರದು.