ಒಂದು ದೇಶ, ಒಂದು ಗಡಿಯಾರ

ಸೂರ್ಯನು ನೆತ್ತಿಯ ಮೇಲೆ ಬಂದಾಗ ನಡುಹಗಲು. ನಮ್ಮ ಹಿರಿಯರು ಹೊತ್ತನ್ನು ಅಳೆಯುತ್ತಿದ್ದುದು ಸೂರ್ಯನ ಚಲನೆಯಿಂದಲೇ. ಆದರೆ ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಎಲ್ಲ ಊರುಗಳಿಗೂ ನಡುಹಗಲು ಏಕಕಾಲಕ್ಕೆ ಬರುವುದಿಲ್ಲ. ಒಂದು ಊರು ಮತ್ತೊಂದಕ್ಕಿಂತ ಒಂದು ಡಿಗ್ರಿ ರೇಖಾಂಶದಷ್ಟು ಪೂರ್ವದಲ್ಲಿದ್ದರೆ ಅದರ ಸಮಯ ನಾಲ್ಕು ನಿಮಿಷ ಮುಂದಿರುತ್ತದೆ. ಆದ್ದರಿಂದ ಮದರಾಸಿನಲ್ಲಿ ಹನ್ನೆರಡು ಗಂಟೆಯಾದಾಗ ಮುಂಬಯಿಯಲ್ಲಿ ಹನ್ನೊಂದೂವರೆ, ಕಲ್ಕತ್ತೆಯಲ್ಲಿ ಸುಮಾರು ಹನ್ನೆರಡೂವರೆ ಆಗಿರುತ್ತಿತ್ತು.

ಎತ್ತಿನ ಗಾಡಿಯ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. 1853ರಲ್ಲಿ ರೈಲು ಓಡತೊಡಗಿದ ಮೇಲೆ ಸ್ಥಿತಿ ಬದಲಾಯಿತು. ಊರೂರಿಗೂ ಬೇರೆ ಗಡಿಯಾರವಿದ್ದರೆ ವೇಳಾಪಟ್ಟಿ ಸಿದ್ಧವಾಗುವುದೆಂತು? 1792ರಲ್ಲಿ ಸ್ಥಾಪಿತವಾದ ಮದರಾಸಿನ ವೀಕ್ಷಣಾಲಯವು ತಂತಿಯ ಮೂಲಕ ನಿಖರವಾದ ಸಮಯವನ್ನು ತಿಳಿಸುತ್ತಿತ್ತು. ಅದು ಮುಂಬಯಿ, ಕಲ್ಕತ್ತೆಗಳ ಸಮಯಗಳಿಗೆ ನಡುವಿನದಾಗಿಯೂ ಇತ್ತು. ರೈಲ್ವೆಯವರು ಅದನ್ನೇ ಆರಿಸಿಕೊಂಡರು. ಮುಂಬಯಿಯ ನಿಲ್ದಾಣದ ಗಡಿಯಾರ ಒಂದು ಹೊತ್ತನ್ನೂ ಬೀದಿಯ ಗಡಿಯಾರ ಮತ್ತೊಂದು ಹೊತ್ತನ್ನೂ ತೋರಿಸತೊಡಗಿದವು.

1884ರಲ್ಲಿ ವಾಷಿಂಗ್ಟನ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಗ್ರೀನಿಚ್ಚಿನ ಮೂಲಕ ಹಾಯುವ ರೇಖೆಯನ್ನು ಸೊನ್ನೆಯ ರೇಖಾಂಶವೆಂದು ನಿಶ್ಚಯಿಸಿತು. ಭಾರತಕ್ಕೆ ಮಿರ್ಜಾಪುರದ ಸಮೀಪ ಹಾಯುವ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶವು ಆಧಾರವಾಯಿತು. 1906ರ ಜನವರಿ 1ರಂದು, ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಪ್ರಮಾಣ ಕಾಲವು ಜಾರಿಗೆ ಬಂದಿತು.

ಜನರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಮುಂಬಯಿಯವರು ತಮ್ಮ ಗಡಿಯಾರವನ್ನು 39 ನಿಮಿಷ ಮುಂದೂಡಬೇಕಾಯಿತು. ಬೆಳಗಿನ ದುಡಿಮೆಗೆ ಹೊರಡುವವನಿಗೆ ಇದರರ್ಥ, ಇನ್ನೂ ಕತ್ತಲಿರುವಾಗಲೇ ಏಳುವುದು. ತಮ್ಮನ್ನು ಕೇಳದೆ ಪರಕೀಯ ಸರ್ಕಾರವು ಮಾಡಿದ ಈ ಏರ್ಪಾಡನ್ನು ನಗರವು ಪ್ರತಿಭಟಿಸಿತು. ಸ್ವಾತಂತ್ರ್ಯ ಬಂದ ಮೇಲೂ ಕೆಲವು ಕಾಲ ಮುಂಬಯಿ ಸಮಯವು ಬಳಕೆಯಲ್ಲಿತ್ತು. ಕಲ್ಕತ್ತೆಯು 1948ರವರೆಗೆ ತನ್ನ ಸಮಯವನ್ನು ಬಿಟ್ಟುಕೊಡಲಿಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಿಂದ 1945ರವರೆಗೆ, ದೇಶದ ಗಡಿಯಾರಗಳನ್ನು ಇನ್ನೂ ಒಂದು ಗಂಟೆ ಮುಂದಿಡಲಾಗಿತ್ತು. ಯುದ್ಧ ಮುಗಿದೊಡನೆ ಹಳೆಯ ಲೆಕ್ಕವೇ ಮರಳಿತು.

ಪ್ರಶ್ನೆಯು ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಅರುಣಾಚಲ ಪ್ರದೇಶದ ಪೂರ್ವದಂಚಿಗೂ ಗುಜರಾತಿನ ಪಶ್ಚಿಮದಂಚಿಗೂ ಸೂರ್ಯೋದಯದಲ್ಲಿ ಸುಮಾರು ಎರಡು ಗಂಟೆಗಳ ಅಂತರವಿದೆ. ಈಶಾನ್ಯ ರಾಜ್ಯಗಳಲ್ಲಿ ಕಚೇರಿಗಳ ಬಾಗಿಲು ತೆರೆಯುವ ಹೊತ್ತಿಗೆ ಬೆಳಕಿನ ಎಷ್ಟೋ ಭಾಗ ಕಳೆದಿರುತ್ತದೆ. ಸಂಜೆ ಬೇಗನೆ ಕತ್ತಲಾಗುತ್ತದೆ. ಅಸ್ಸಾಮಿನ ಚಹಾ ತೋಟಗಳು ಒಂದು ಗಂಟೆ ಮುಂದಿರುವ ‘ತೋಟದ ಸಮಯ’ವನ್ನು ಬಹುಕಾಲದಿಂದ ಅನುಸರಿಸುತ್ತ ಬಂದಿವೆ. ಪೂರ್ವಕ್ಕೆ ಬೇರೊಂದು ಪ್ರಮಾಣ ಕಾಲ ಬೇಕೆಂಬ ಬೇಡಿಕೆ ನ್ಯಾಯವಾದುದೇ. ಆದರೆ ಒಂದೇ ಹಳಿಯ ಮೇಲೆ ಎರಡು ಸಮಯಗಳು ಸೇರಿದರೆ ಅಪಘಾತವಾದೀತೆಂಬ ಭಯವೂ ನಿರಾಧಾರವಲ್ಲ.

ಬೆಂಗಳೂರಿನಲ್ಲಿ ಸೂರ್ಯನು ನೆತ್ತಿಗೇರುವುದು, ವರ್ಷದ ಸರಾಸರಿಯಲ್ಲಿ, ಹನ್ನೆರಡು ಗಂಟೆ ಕಳೆದು ಸುಮಾರು ಇಪ್ಪತ್ತು ನಿಮಿಷಗಳಾದ ಮೇಲೆ. ನಾವೂ ನಮ್ಮ ನಡುಹಗಲನ್ನು ಬಿಟ್ಟುಕೊಟ್ಟವರೇ. ಗಡಿಯಾರದ ಮುಳ್ಳು ತೋರಿಸುವುದು ಪ್ರಕೃತಿಯ ನಿಯಮವನ್ನಷ್ಟೇ ಅಲ್ಲ, ಕೂಡಿ ಬಾಳುವವರು ಮಾಡಿಕೊಂಡ ಒಪ್ಪಂದವನ್ನು. ಆ ಒಪ್ಪಂದದ ಭಾರವು ಯಾರ ಮೇಲೆ ಹೆಚ್ಚಾಗಿ ಬಿದ್ದಿದೆ ಎಂಬುದನ್ನು ಆಗಾಗ ವಿಚಾರಿಸುವುದೂ ಕೂಡಿ ಬಾಳುವವರ ಕರ್ತವ್ಯವೇ.